ಉಪ್ಪುನೀರಿಗೊಂದು ಹಲಗೆಯ ಬಾಗಿಲು

ಹುಬ್ಬಳ್ಳಿ, ಗದಗ ಕಡೆಯಿಂದ ಪಣಜಿಯ ನಮ್ಮ ಮನೆಗೆ ನೆಂಟರು ಬಂದಾಗ ನಾನು ಅವರನ್ನು ಮೊದಲು ಕಡಲತೀರಕ್ಕೆ ಕರೆದೊಯ್ಯುವುದಿಲ್ಲ. ರಾಯಬಂದರದಲ್ಲಿ ಫೆರಿ ಹತ್ತಿಸಿ, ಮಾಂಡವಿ ನದಿಯ ನಡುವಿರುವ ಚೊಡಣ ದ್ವೀಪದ ಗದ್ದೆಗಳ ಅಂಚಿಗೆ ಕರೆದೊಯ್ಯುತ್ತೇನೆ. ಒಡ್ಡಿನ ಮೇಲೆ ನಿಂತರೆ ಒಂದು ಬದಿಗೆ ನದಿ, ಇನ್ನೊಂದು ಬದಿಗೆ ಭತ್ತದ ಗದ್ದೆ ಕಾಣುತ್ತದೆ. ಉಬ್ಬರದ ಹೊತ್ತಿನಲ್ಲಿ ನೋಡಿದವರು ಸ್ವಲ್ಪ ಹೊತ್ತು ಮಾತು ನಿಲ್ಲಿಸುತ್ತಾರೆ, ಏಕೆಂದರೆ ಆಗ ನದಿಯ ನೀರು ಗದ್ದೆಯ ನೆಲಕ್ಕಿಂತ ಎತ್ತರದಲ್ಲಿರುತ್ತದೆ.

ಇವು ಗೋವೆಯ ಖಾಜನ್ ಗದ್ದೆಗಳು. ಉಬ್ಬರದ ಉಪ್ಪುನೀರು ಹರಡಿಕೊಳ್ಳುತ್ತಿದ್ದ ಕಾಂಡ್ಲಾಗಿಡಗಳ (ಮ್ಯಾಂಗ್ರೋವ್) ಜೌಗುನೆಲಕ್ಕೆ ಒಡ್ಡು ಕಟ್ಟಿ ಜನರು ಗೆದ್ದುಕೊಂಡ ಭೂಮಿ ಇದು. ಒಟ್ಟು 3,702 ಚದರ ಕಿಲೋಮೀಟರ್ ವಿಸ್ತಾರದ ಈ ಪುಟ್ಟ ರಾಜ್ಯದಲ್ಲಿ ಇಂಥ ನೆಲ ಸುಮಾರು 18,000 ಹೆಕ್ಟೇರ್ ಇದೆ ಎಂದು ಅಂದಾಜು. ಅಂದರೆ ಹೆಚ್ಚುಕಡಿಮೆ ಇಪ್ಪತ್ತರಲ್ಲಿ ಒಂದು ಪಾಲು. ಕೊಂಕಣ ಮೌರ್ಯರ ಅರಸ ಅನಿರ್ಜಿತವರ್ಮನ ಬಾಂದೋಡೆಯ ತಾಮ್ರಶಾಸನದಲ್ಲಿಯೇ ‘ಖಜ್ಜನ’ ಎಂಬ ಮಾತು ಬರುತ್ತದೆ. ಆ ಶಾಸನ 6ನೆಯ ಶತಮಾನದ್ದು. ನಮ್ಮ ಕುಮಟಾ, ಅಂಕೋಲಾ ಕಡೆಯವರು ಇದೇ ಬಗೆಯ ಗದ್ದೆಯನ್ನು ‘ಗಜನಿ’ ಎನ್ನುತ್ತಾರೆ; ಎರಡೂ ಹೆಸರುಗಳು ಒಂದೇ ಬೇರಿನವೆಂದು ನನಗೆ ತೋರುತ್ತದೆ.

ಸಮುದ್ರದಿಂದ ದೂರದ ಒಳನಾಡಿನ ಊರುಗಳಿಗೂ ಇಂಥ ಒಡ್ಡು ಏಕೆ ಬೇಕಾಯಿತು ಎಂಬುದಕ್ಕೆ ಉತ್ತರ ನದಿಯ ಆಕಾರದಲ್ಲಿದೆ. ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟಿ, ನಾವು ಮಹದಾಯಿ ಎಂದು ಕರೆಯುವ ನದಿಯೇ ಇಲ್ಲಿ ಮಾಂಡವಿ. ಘಟ್ಟ ಇಳಿದ ಮೇಲೆ ಅದರ ಪಾತ್ರ ಬಹುತೇಕ ಸಮತಟ್ಟಾಗಿಬಿಡುವುದರಿಂದ ಸಮುದ್ರದ ಉಬ್ಬರವು ಮಾಂಡವಿಯಲ್ಲೂ ಪಕ್ಕದ ಜುವಾರಿಯಲ್ಲೂ ಸುಮಾರು 50 ಕಿಲೋಮೀಟರ್ ಒಳನಾಡಿನವರೆಗೆ ಏರಿಹೋಗುತ್ತದೆ. ಆಶ್ಚರ್ಯವೆಂದರೆ, ಆ ದಾರಿಯ ಬಹುಪಾಲಿನಲ್ಲಿ ಅದರ ಎತ್ತರ ಹೆಚ್ಚು ಕುಗ್ಗುವುದಿಲ್ಲ. ತಳದ ಘರ್ಷಣೆ ಅಲೆಯ ಬಲವನ್ನು ಹೀರುತ್ತಿದ್ದರೂ, ಆಲಿಕೆಯಂತೆ ಕಿರಿದಾಗುತ್ತ ಹೋಗುವ ನದಿ ಅದೇ ನೀರನ್ನು ಇಕ್ಕಟ್ಟಿಗೆ ಒತ್ತಿ ಮೇಲೆತ್ತುತ್ತದೆ. ಇವೆರಡೂ ಒಂದನ್ನೊಂದು ಸರಿದೂಗಿಸುತ್ತವೆ. ದೋಣಾಪಾವಲಾದಲ್ಲಿರುವ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಇದನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ.

ಒಡ್ಡು ನೀರನ್ನು ತಡೆಯುತ್ತದೆ, ಸರಿ. ಆದರೆ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಸುರಿಯುವ ನಾಡಿನಲ್ಲಿ ಗದ್ದೆಯೊಳಗಿನ ನೀರು ಹೊರಗೆ ಹೋಗಬೇಡವೆ? ಇದಕ್ಕಾಗಿ ಒಡ್ಡಿನಲ್ಲಿ ಕಟ್ಟಿದ ತೂಬಿನ ಬಾಗಿಲನ್ನು ಕೊಂಕಣಿಯಲ್ಲಿ ‘ಮಾನಸ’ ಎನ್ನುತ್ತಾರೆ. ಅಘನಾಶಿನಿಯ ದಂಡೆಯಲ್ಲಿ ಇದು ‘ಜಂತ್ರಡಿ’. ಮೇಲಿನ ಅಂಚಿನಿಂದ ತೂಗುಬಿಟ್ಟ ಮರದ ಹಲಗೆ ನದಿಯ ಕಡೆಗೆ ಮಾತ್ರ ತೆರೆಯುತ್ತದೆ. ಇಳಿತದಲ್ಲಿ ನದಿಯ ಮಟ್ಟ ಕೆಳಗಿಳಿದೊಡನೆ ಒಳಗಿನ ನೀರೇ ಹಲಗೆಯನ್ನು ದೂಡಿಕೊಂಡು ಹರಿದುಹೋಗುತ್ತದೆ. ಉಬ್ಬರ ಏರಿದಾಗ ಹೊರಗಿನ ನೀರು ಅದೇ ಹಲಗೆಯನ್ನು ಚೌಕಟ್ಟಿಗೆ ಒತ್ತಿ ಮುಚ್ಚುತ್ತದೆ. ಹೊರಗಿನ ಮಟ್ಟ ಒಳಗಿನದಕ್ಕಿಂತ ಕೇವಲ 10 ಸೆಂಟಿಮೀಟರ್ ಹೆಚ್ಚಿದ್ದರೂ ಮುಳುಗಿದ ಹಲಗೆಯ ಪ್ರತಿ ಚದರ ಮೀಟರಿನ ಮೇಲೆ ನೂರು ಕಿಲೋ ಭಾರ ಹೇರಿದಷ್ಟು ಒತ್ತಡ ಬೀಳುತ್ತದೆ. ಉಬ್ಬರದಿಂದ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಆ ಲೆಕ್ಕದಲ್ಲಿ ಬಾಗಿಲು ಹಗಲಿರುಳೂ ತಾನಾಗಿಯೇ ತೆರೆದು ಮುಚ್ಚುತ್ತಿರುತ್ತದೆ. ಇದರಷ್ಟು ಸರಳವೂ ಸುಂದರವೂ ಆದ ಯಂತ್ರವನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಮಳೆಗಾಲದ ಮೊದಲ ನೀರು ಮಣ್ಣಿನ ಉಪ್ಪನ್ನು ತೊಳೆದು ಈ ಬಾಗಿಲಿನ ಮೂಲಕವೇ ನದಿಗೆ ಸೇರಿಸುತ್ತದೆ. ಉಳಿದ ಉಪ್ಪನ್ನು ತಾಳಿಕೊಳ್ಳುವ ಭತ್ತದ ತಳಿಗೆ ಇಲ್ಲಿ ‘ಕೊರಗುಟ್’ ಎಂದು ಹೆಸರು. ನಮ್ಮ ಗಜನಿಗಳ ‘ಕಗ್ಗ’ ಭತ್ತಕ್ಕೂ ಇದೇ ಗುಣವಿದೆ. ಕೊಯ್ಲಾದ ಮೇಲೆ ಉಪ್ಪುನೀರನ್ನು ಒಳಗೆ ಬಿಟ್ಟುಕೊಂಡು ಸಿಗಡಿ, ಮೀನು ಬೆಳೆಸುವುದುಂಟು. ಇಳಿತದ ಹೊತ್ತಿನಲ್ಲಿ ತೂಬಿಗೆ ಚೀಲದಂಥ ಬಲೆ ಕಟ್ಟಿ ಮೀನು ಹಿಡಿಯುತ್ತಾರೆ, ಆ ಹಕ್ಕನ್ನು ಹರಾಜು ಹಾಕುತ್ತಾರೆ. ತೊಡಕು ಹುಟ್ಟುವುದೂ ಇಲ್ಲಿಯೇ: ಮೀನಿನ ಆದಾಯದ ಆಸೆಗೆ ಬಾಗಿಲನ್ನು ಬೇಕೆಂದೇ ತೆರೆದಿಟ್ಟರೆ ಗದ್ದೆಗೆ ಉಪ್ಪೇರುತ್ತದೆ, ಒಮ್ಮೆ ಬೇಸಾಯ ನಿಂತ ನೆಲಕ್ಕೆ ಕಾಂಡ್ಲಾಗಿಡಗಳು ಮರಳಿ ಬರುತ್ತವೆ. ಏಡಿಗಳು ಮಣ್ಣಿನ ಒಡ್ಡನ್ನು ಕೊರೆಯುವುದಂತೂ ನಿತ್ಯದ ಕಾಟ. ಹಿಂದೆ ಗಾಂವ್ಕಾರಿ ಎಂಬ ಊರೊಟ್ಟಿನ ವ್ಯವಸ್ಥೆ ಈ ಒಡ್ಡುಗಳನ್ನು ನೋಡಿಕೊಳ್ಳುತ್ತಿತ್ತು. ಪೋರ್ಚುಗೀಸರು 1526ರಲ್ಲಿಯೇ ಅದರ ಕಟ್ಟುಪಾಡುಗಳನ್ನು ಬರೆದಿಡಿಸಿದ್ದರು.

 

ಈಗ ಈ ಬಾಗಿಲಿನ ಲೆಕ್ಕವೇ ನಿಧಾನವಾಗಿ ಬದಲಾಗುತ್ತಿದೆ. ಉಪಗ್ರಹಗಳ ಅಳತೆಯಂತೆ ಜಗತ್ತಿನ ಸರಾಸರಿ ಸಮುದ್ರಮಟ್ಟ 1993ರಿಂದೀಚೆಗೆ ಸುಮಾರು 10 ಸೆಂಟಿಮೀಟರ್ ಏರಿದೆ. ಒಡ್ಡನ್ನು ಎತ್ತರಿಸಿದರೆ ಉಬ್ಬರವನ್ನೇನೋ ತಡೆಯಬಹುದು, ಆದರೆ ನೀರು ಹೊರಹೋಗಬೇಕಾದರೆ ನದಿಯ ಮಟ್ಟ ಗದ್ದೆಯ ನೀರಿಗಿಂತ ಕೆಳಗೆ ಇಳಿಯಲೇಬೇಕು. ಸಮುದ್ರ ಏರಿದಷ್ಟೂ ಹಲಗೆ ತೆರೆದಿರುವ ಅವಧಿ ಮೊಟಕಾಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಇಳಿತ ಆಳವಾಗಿರುವುದರಿಂದ ಅದು ಅಷ್ಟಾಗಿ ತಿಳಿಯದು. ಇಳಿತವೇ ಅರೆಬರೆಯಾಗಿರುವ ಅಷ್ಟಮಿ, ನವಮಿಯ ಆಸುಪಾಸಿನಲ್ಲಿ ಆಷಾಢದ ಮಳೆ ಬಿಡದೆ ಸುರಿದರೆ, ನಾಟಿಯಾದ ಸಸಿಗಳು ನೀರಿನಡಿಯಲ್ಲಿಯೇ ಮುಂದಿನ ಇಳಿತಕ್ಕೆ ಕಾಯಬೇಕಾಗುತ್ತದೆ.