ಶಾಲೆಯ ಎಐ ಮೆಂಟರ್‌ಗೆ ಒಪ್ಪಿಗೆ ಕೊಡುವ ಮೊದಲು

ಪ್ರಶ್ನೆ: ನನ್ನ ಮಗಳು ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನಲ್ಲಿ ಎಂಟನೇ ತರಗತಿ ಓದುತ್ತಿದ್ದಾಳೆ. ಪಾಠದ ಸಂಶಯ ಕೇಳಲು ಮತ್ತು ‘ಮನಸ್ಸಿನ ಮಾತು ಹಂಚಿಕೊಳ್ಳಲು’ ಎಐ ಮೆಂಟರ್ ಎಂಬ ಚಾಟ್‌ಬಾಟ್ ತರುವುದಾಗಿ ಹೇಳಿ ಶಾಲೆಯವರು ಒಪ್ಪಿಗೆ ಪತ್ರಕ್ಕೆ ಸಹಿ ಕೇಳಿದ್ದಾರೆ. ಸಹಿ ಹಾಕಬಹುದೆ?

ಉತ್ತರ: ಪಾಠದ ಮಟ್ಟಿಗೆ ಹಾಕಬಹುದು. ಮನಸ್ಸಿನ ಮಾತಿನ ಮಟ್ಟಿಗಾದರೆ, ಆ ಮಾತನ್ನು ಯಾರು, ಎಷ್ಟು ಹೊತ್ತಿನೊಳಗೆ ಓದುತ್ತಾರೆ ಎಂಬುದನ್ನು ಶಾಲೆ ಬರೆದು ಕೊಡುವವರೆಗೆ ಹಾಕಬಾರದು. ಒಂದೇ ಪತ್ರದಲ್ಲಿ ಎರಡಕ್ಕೂ ಒಪ್ಪಿಗೆ ಕೇಳಿದ್ದರೆ, ಅದನ್ನು ಎರಡು ಪತ್ರಗಳಾಗಿ ಮಾಡಿಕೊಡುವಂತೆ ಮುಖ್ಯ ಶಿಕ್ಷಕರನ್ನು ಕೇಳಿ.

ಶಾಲೆಯವರ ಆಸೆಯನ್ನು ತಪ್ಪೆನ್ನಲು ಬರುವುದಿಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2024ರಲ್ಲಿ ಯಾದಗಿರಿ, 2025ರಲ್ಲಿ ಕಲಬುರಗಿ ರಾಜ್ಯದ ಕೊನೆಯ ಸ್ಥಾನದಲ್ಲಿದ್ದವು. ಗಣಿತ, ವಿಜ್ಞಾನಕ್ಕೆ ಅತಿಥಿ ಶಿಕ್ಷಕರನ್ನೇ ನೆಚ್ಚಿಕೊಂಡಿರುವ ಶಾಲೆಗೆ, ರಾತ್ರಿ ಹತ್ತಕ್ಕೂ ಬೇಸರಿಸದೆ ಉತ್ತರಿಸುವ ಯಂತ್ರ ವರವಾಗಿ ಕಂಡರೆ ಆಶ್ಚರ್ಯವಿಲ್ಲ. ಆದರೆ ಯಂತ್ರ ಹೇಗೆ ಉತ್ತರಿಸುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಟರ್ಕಿಯ ಪ್ರೌಢಶಾಲಾ ವಿದ್ಯಾರ್ಥಿಗಳಲ್ಲಿ ಸುಮಾರು ಒಂದು ಸಾವಿರ ಮಂದಿಗೆ ಗಣಿತದಲ್ಲಿ ಇದನ್ನು ಪರೀಕ್ಷಿಸಿದ್ದರು. ಕೇಳಿದ್ದಕ್ಕೆಲ್ಲ ಉತ್ತರಿಸುವ ಚಾಟ್‌ಬಾಟ್ ಬಳಸಿದವರು ಅಭ್ಯಾಸದ ಲೆಕ್ಕಗಳಲ್ಲಿ ಉಳಿದವರಿಗಿಂತ ಶೇ 48ರಷ್ಟು ಮುಂದಿದ್ದರು. ಅದನ್ನು ತೆಗೆದಿಟ್ಟು ಪರೀಕ್ಷೆ ನಡೆಸಿದಾಗ, ಅದನ್ನು ಮುಟ್ಟದೇ ಇದ್ದ ಮಕ್ಕಳಿಗಿಂತ ಶೇ 17ರಷ್ಟು ಕಡಿಮೆ ಅಂಕ ಪಡೆದರು. ಉತ್ತರ ಹೇಳದೆ ಸುಳಿವು ಮಾತ್ರ ಕೊಡುವಂತೆ ಶಿಕ್ಷಕರು ಹೊಂದಿಸಿದ್ದ ಇನ್ನೊಂದು ಚಾಟ್‌ಬಾಟಿನಲ್ಲಿ ಈ ನಷ್ಟ ಬಹುಮಟ್ಟಿಗೆ ಕಾಣಲಿಲ್ಲ. ಹಾಗಾಗಿ ನಿಮ್ಮ ಶಾಲೆಯದು ಸುಳಿವು ಕೊಡುವುದೋ ಉತ್ತರ ಕೊಡುವುದೋ ಎಂಬುದನ್ನು, ಪಠ್ಯಪುಸ್ತಕದ ಒಂದು ಲೆಕ್ಕವನ್ನು ಎದುರಿಗೇ ಹಾಕಿಸಿ ನೋಡಿ.

ತಪ್ಪು ಉತ್ತರದ ಭಯ ಎಲ್ಲರಿಗೂ ಇದೆ, ಇರಬೇಕಾದದ್ದೇ. ಈ ಯಂತ್ರಗಳು ತಾವು ಓದಿದ ಬರಹಗಳ ಜಾಡಿನಲ್ಲಿ, ಮುಂದೆ ಯಾವ ಪದ ಬರಬಹುದೆಂದು ಅಂದಾಜಿಸುತ್ತ ವಾಕ್ಯ ಕಟ್ಟುತ್ತವೆ. ಅಂತರ್ಜಾಲದಲ್ಲಿ ಬರಹ ಕಡಿಮೆ ಇರುವ ವಿಷಯದಲ್ಲಿ ಅಂದಾಜು ತಪ್ಪುವುದು ಹೆಚ್ಚು, ತಪ್ಪಿದಾಗಲೂ ಧಾಟಿಯಲ್ಲಿ ಅಳುಕಿರುವುದಿಲ್ಲ. ನಮ್ಮ ಭಾಗದ ಶಿಕ್ಷಕರ ಕೈಯಲ್ಲಿ ಇದಕ್ಕೆ ಒಳ್ಳೆಯ ಒರೆಗಲ್ಲಿದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ, ‘ಮಿತಾಕ್ಷರ’ ಬರೆದ ವಿಜ್ಞಾನೇಶ್ವರನ ಮರತೂರು, 1472ರ ಬೀದರಿನ ಮಹಮೂದ್ ಗವಾನ್ ಮದ್ರಸಾ, ಹೈದರಾಬಾದ್ ಸಂಸ್ಥಾನ ನಿಜಾಮರ ಆಳ್ವಿಕೆಯಿಂದ ಬಿಡುಗಡೆಯಾದ 1948ರ ಸೆಪ್ಟೆಂಬರ್ 17 – ಇವುಗಳ ಬಗ್ಗೆ ಕನ್ನಡದಲ್ಲಿ ಇಪ್ಪತ್ತು ಪ್ರಶ್ನೆ ಕೇಳಿ, ಉತ್ತರಗಳನ್ನು ಸಮಾಜ ವಿಜ್ಞಾನದ ಶಿಕ್ಷಕರು ತಿದ್ದಿ, ಆ ತಿದ್ದಿದ ಹಾಳೆಯನ್ನೇ ಮಕ್ಕಳಿಗೆ ತೋರಿಸಿದರೆ, ಯಂತ್ರವನ್ನು ಎಷ್ಟು ನಂಬಬೇಕೆಂಬುದು ಅವರಿಗೆ ಬೇರೆ ಉಪದೇಶವಿಲ್ಲದೆ ತಿಳಿಯುತ್ತದೆ. ಉರ್ದು ಮಾಧ್ಯಮದ ಶಾಲೆಗಳಲ್ಲಿ, ಬೀದರ್ ಗಡಿಯ ಮರಾಠಿ ಶಾಲೆಗಳಲ್ಲಿ ಆಯಾ ಭಾಷೆಯಲ್ಲೇ ಈ ಪರೀಕ್ಷೆ ಆಗಬೇಕು.

ಆದರೂ ತಪ್ಪು ಉತ್ತರವನ್ನು ಯಾರಾದರೂ ತಿದ್ದಬಹುದು. ನನ್ನ ಮಟ್ಟಿಗೆ ದೊಡ್ಡ ಅಪಾಯ ಇರುವುದು ‘ಮೆಂಟರ್’ ಎಂಬ ಎರಡನೆಯ ಕೆಲಸದಲ್ಲಿ. ಸುಗ್ಗಿ ಮುಗಿದ ಮೇಲೆ ಗುಳೆ ಹೋಗಿ ಮುಂಬೈ, ಪುಣೆ, ಹೈದರಾಬಾದಿನಲ್ಲಿ ದುಡಿಯುವ ತಂದೆತಾಯಂದಿರ ಮಕ್ಕಳು ಅಜ್ಜಿಯ ಬಳಿಯೋ ವಸತಿ ನಿಲಯದಲ್ಲೋ ಇರುತ್ತಾರೆ. ಕೇಳುವವರಿಲ್ಲದ ಮಗುವಿಗೆ, ಎಂದೂ ಬೈಯದ, ಹೇಳಿದ್ದಕ್ಕೆಲ್ಲ ಹೂಂಗುಡುವ ಯಂತ್ರ ಬಹುಬೇಗ ಆಪ್ತವಾಗುತ್ತದೆ. ಅಮೆರಿಕದಲ್ಲಿ ಕ್ಯಾರೆಕ್ಟರ್ ಎಐ, ಚಾಟ್‌ಜಿಪಿಟಿ ಎಂಬ ಚಾಟ್‌ಬಾಟ್‌ಗಳೊಂದಿಗೆ ದೀರ್ಘಕಾಲ ಮಾತನಾಡಿದ ಹದಿಹರೆಯದವರು ಆತ್ಮಹತ್ಯೆ ಮಾಡಿಕೊಂಡ ಪ್ರಕರಣಗಳಲ್ಲಿ 2024 ಮತ್ತು 2025ರಲ್ಲಿ ಹೆತ್ತವರು ಆ ಕಂಪನಿಗಳ ಮೇಲೆ ದಾವೆ ಹೂಡಿದರು. 2025ರ ನವೆಂಬರಿನಲ್ಲಿ ಕ್ಯಾರೆಕ್ಟರ್ ಎಐ 18ರ ಒಳಗಿನವರಿಗೆ ಮುಕ್ತ ಸಂಭಾಷಣೆಯನ್ನೇ ನಿಲ್ಲಿಸಿತು.

ಇದನ್ನು ನಮ್ಮ ಊರಿಗೆ ತಂದು ನೋಡಿ. ಎಂಟನೇ ತರಗತಿಯ ಹುಡುಗಿಯೊಬ್ಬಳು ರಾತ್ರಿ ‘ಮನ್ಯಾಗ ನಂದು ಲಗ್ನ ಮಾಡ್ಲಾಕತ್ಯಾರ, ನಂಗ ಸಾಲಿ ಬಿಡಲಾಕ ಮನಸ್ಸಿಲ್ಲ’ ಎಂದು ಬರೆದಳು ಎಂದಿಟ್ಟುಕೊಳ್ಳೋಣ. ಇದು ಬಾಲ್ಯವಿವಾಹದ ಸುದ್ದಿ, ಈ ರಾತ್ರಿಯೇ ಒಬ್ಬ ದೊಡ್ಡವರಿಗೆ ತಲುಪಬೇಕಾದ ಸುದ್ದಿ ಎಂಬುದು ಆ ಯಂತ್ರಕ್ಕೆ ತಿಳಿಯುತ್ತದೆಯೆ, ಅಥವಾ ‘ನಿಮ್ಮ ಭಾವನೆ ಅರ್ಥವಾಗುತ್ತದೆ, ಹಿರಿಯರೊಂದಿಗೆ ಮಾತನಾಡಿ’ ಎಂದು ಲಗ್ನ ಗೊತ್ತುಮಾಡಿದ ಹಿರಿಯರ ಬಳಿಗೇ ಅವಳನ್ನು ಕಳಿಸುತ್ತದೆಯೆ? ಗ್ರಂಥಸ್ಥ ಕನ್ನಡದಲ್ಲಿ ತೋರಿಸುವ ಪ್ರಾತ್ಯಕ್ಷಿಕೆಯಿಂದ ಇದು ಗೊತ್ತಾಗುವುದಿಲ್ಲ. ಮಕ್ಕಳು ಆಡುವ ಮಾತಿನಲ್ಲೇ, ಉರ್ದು ಬೆರೆಸಿ, ಇಂಗ್ಲಿಷ್ ಅಕ್ಷರದಲ್ಲಿ ಬರೆದು ಶಿಕ್ಷಕಿಯೊಬ್ಬರು ಪರೀಕ್ಷಿಸಬೇಕು. ಲೈಂಗಿಕ ದೌರ್ಜನ್ಯದ ಸಂಗತಿಯಾದರೆ ಕಾನೂನೂ ಬರುತ್ತದೆ. ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಅಂಥ ಅಪರಾಧ ತಿಳಿದ ಯಾವುದೇ ವ್ಯಕ್ತಿ ಅದನ್ನು ಪೊಲೀಸರಿಗೆ ತಿಳಿಸಲೇಬೇಕು. ಸರ್ವರಿನಲ್ಲಿ ಬಿದ್ದಿದ್ದ ಮಾತನ್ನು ತಾನು ಓದಿರಲೇ ಇಲ್ಲವೆಂದು ಶಾಲೆ ನಾಳೆ ಹೇಳಬಹುದು. ಅದರಿಂದ ಮಗುವಿಗೆ ಏನು ಬಂತು?

ಆದ್ದರಿಂದ ಪತ್ರದಲ್ಲಿ ಮೂರು ಸಂಗತಿ ಇರಲಿ: ಗಂಭೀರ ಮಾತು ಬಂದಾಗ ಎಚ್ಚರಿಕೆ ತಲುಪುವ ಶಿಕ್ಷಕಿಯ ಹೆಸರು, ರಜೆಯಲ್ಲಿ ಅವರ ಬದಲಿಗೆ ನೋಡುವವರ ಹೆಸರು, ಮತ್ತು ತಾನು ಬರೆದದ್ದನ್ನು ಒಬ್ಬರು ಓದಬಹುದೆಂದು ಮಗುವಿಗೆ ಮೊದಲೇ ತಿಳಿಸುವ ಭರವಸೆ. ಈ ಕೊನೆಯದನ್ನು ಬಿಟ್ಟರೆ ಅದು ಮಗುವಿಗೆ ಮಾಡುವ ಮೋಸವಾಗುತ್ತದೆ. ಮಕ್ಕಳ ಸಹಾಯವಾಣಿ 1098 ಮತ್ತು ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416 ಸಂಖ್ಯೆಗಳು ಚಾಟ್‌ಬಾಟಿನಲ್ಲೂ ಶಾಲೆಯ ಗೋಡೆಯಲ್ಲೂ ಇರಬೇಕು. ಇಷ್ಟಕ್ಕೆ ಜನವಿಲ್ಲದ ಶಾಲೆ ಮನಸ್ಸಿನ ಮಾತಿನ ಭಾಗವನ್ನು ಮುಚ್ಚಿಸಿ, ಪಾಠದ ಭಾಗವನ್ನಷ್ಟೇ ಇಟ್ಟುಕೊಳ್ಳುವುದು ಲೇಸು.

ಮಾಹಿತಿಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳು. ಅವರ ಮಾಹಿತಿ ಬಳಸಲು ಪಾಲಕರ ಖಚಿತಪಡಿಸಬಹುದಾದ ಒಪ್ಪಿಗೆ ಬೇಕು, ಅವರನ್ನು ಗುರಿಯಾಗಿಸಿ ಜಾಹೀರಾತು ತೋರಿಸುವಂತಿಲ್ಲ, ಮೀರಿದರೆ 200 ಕೋಟಿ ರೂಪಾಯಿವರೆಗೆ ದಂಡ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದರೂ ಮುಖ್ಯ ಬಾಧ್ಯತೆಗಳ ಜಾರಿಗೆ 18 ತಿಂಗಳ ಕಾಲಾವಕಾಶವಿದೆ, ಶಿಕ್ಷಣ ಸಂಸ್ಥೆಗಳಿಗೆ ಕೆಲವು ವಿನಾಯಿತಿಗಳೂ ಇವೆ. ಕಾಯ್ದೆ ಕಾಯುತ್ತದೆಂದು ಸುಮ್ಮನಿರದೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲೇ ಕೇಳಿ: ಕಂಪನಿ ಮುಚ್ಚಿದರೆ ನಮ್ಮ ಮಕ್ಕಳ ಮಾತುಗಳು ಎಲ್ಲಿ ಹೋಗುತ್ತವೆ? ಲಾಸ್ ಏಂಜಲೀಸಿನ ಶಾಲಾ ಆಡಳಿತ 2024ರ ಮಾರ್ಚಿನಲ್ಲಿ ಅದ್ದೂರಿಯಾಗಿ ತಂದ ‘ಎಡ್’ ಎಂಬ ಚಾಟ್‌ಬಾಟನ್ನು ಕಟ್ಟಿದ ಕಂಪನಿ ಜೂನ್ ಹೊತ್ತಿಗೆ ತನ್ನ ಬಹುಪಾಲು ನೌಕರರನ್ನು ಮನೆಗೆ ಕಳಿಸಿತ್ತು.

ಶಾಲೆ ಬೇಡವೆಂದರೂ ಮನೆಯ ಫೋನಿನಲ್ಲಿ ಇದೆಲ್ಲ ಇದ್ದೇ ಇದೆ. ವಾಟ್ಸ್ಯಾಪಿನಲ್ಲೇ ಮೆಟಾ ಎಐ ಕೂತಿದೆ. ತರಗತಿಯಲ್ಲಿ ಇಂಥ ಸಾಧನ ಬಳಸಲು ಕನಿಷ್ಠ 13 ವರ್ಷವಾಗಿರಬೇಕೆಂದು ಯುನೆಸ್ಕೊ 2023ರಲ್ಲಿ ಸೂಚಿಸಿದೆ, ಚಾಟ್‌ಜಿಪಿಟಿಯ ನಿಯಮವೂ ಅದೇ, 18ರವರೆಗೆ ಪಾಲಕರ ಅನುಮತಿಯೊಂದಿಗೆ. 2025ರ ಸೆಪ್ಟೆಂಬರಿನಿಂದ ಅದರಲ್ಲಿ ಪಾಲಕರ ನಿಯಂತ್ರಣವಿದೆ, ಆದರೆ ಮಗುವಿಗೆ ತನ್ನದೇ ಖಾತೆಯಿದ್ದು ಅದನ್ನು ನಿಮ್ಮ ಖಾತೆಗೆ ಜೋಡಿಸಿದಾಗ ಮಾತ್ರ ಅದು ಕೆಲಸ ಮಾಡುತ್ತದೆ. ಮಗಳು ನಿಮ್ಮದೇ ಫೋನಿನಲ್ಲಿ ನಿಮ್ಮದೇ ಖಾತೆಯಿಂದ ಕೇಳುತ್ತಿದ್ದರೆ, ಅತ್ತ ಉತ್ತರಿಸುವ ಯಂತ್ರ ಅವಳನ್ನು ನಿಮ್ಮ ವಯಸ್ಸಿನವಳೆಂದೇ ಎಣಿಸಿರಬಹುದು.