ಹದಿಮೂರರ ಮಗ್ಗಿ ಹೇಳಿಕೊಂಡು ಓಡಿ

ಮೈಸೂರಿನ ನನ್ನ ಫಿಸಿಯೋಥೆರಪಿ ಕ್ಲಿನಿಕ್‌ಗೆ ಸೋಮವಾರ ಸಂಜೆ ಬರುವವರೇ ಬೇರೆ. ಗಾಡಿಯಿಂದ ಬಿದ್ದವರಲ್ಲ, ವಯಸ್ಸಾಗಿ ಮಂಡಿ ಸವೆದವರೂ ಅಲ್ಲ. ಭಾನುವಾರ ಬೆಳಗ್ಗೆ ಗೆಳೆಯರ ಜೊತೆ ‘ಆರಾಮಾಗಿ’ ಓಡಿದವರು.

ಕಳೆದ ವರ್ಷ ಹಾಗೆ ನಾಲ್ಕು ಜನ ಒಟ್ಟಿಗೆ ಬಂದರು. ಒಬ್ಬರು ಬ್ಯಾಂಕಿನವರು, ಒಬ್ಬರು ಹೈಸ್ಕೂಲ್ ಮೇಷ್ಟ್ರು, ಒಬ್ಬರು ಸಾಫ್ಟ್‌ವೇರ್ ಇಂಜಿನಿಯರ್, ಇನ್ನೊಬ್ಬರದು ಕುವೆಂಪುನಗರದಲ್ಲಿ ದಿನಸಿ ಅಂಗಡಿ. ಪಿಯುಸಿಯಿಂದ ಸ್ನೇಹಿತರು, ಎಲ್ಲರಿಗೂ ನಲವತ್ತೊಂದು. ಅವರ ಮೊದಲ ಟ್ರಯಥ್ಲಾನ್‌ಗೆ ಹನ್ನೊಂದು ವಾರ ಬಾಕಿ ಇತ್ತು. ಅದರಲ್ಲೂ ‘ಸ್ಪ್ರಿಂಟ್’ ಎನ್ನುವ ಚಿಕ್ಕ ದೂರದ್ದು: 750 ಮೀಟರ್ ಈಜು, 20 ಕಿಲೋಮೀಟರ್ ಸೈಕಲ್, 5 ಕಿಲೋಮೀಟರ್ ಓಟ, ಒಂದರ ಬೆನ್ನಿಗೆ ಒಂದು. ನೋವಿದ್ದದ್ದು ಅಂಗಡಿಯವರಿಗೆ. ಮಾತಾಡಿದ್ದು ಮಾತ್ರ ಉಳಿದ ಮೂವರು.

“ಮೇಡಂ, ಇವನಿಗೊಂದು ಟೇಪ್ ಹಾಕಿಬಿಡಿ. ಭಾನುವಾರ ಲಾಂಗ್ ರನ್ ಇದೆ,” ಎಂದರು ಬ್ಯಾಂಕಿನವರು.

ನಾನು ಅಂಗಡಿಯವರ ಕಾಲಿನ ಮೂಳೆಯ ಒಳಬದಿಯಲ್ಲಿ ಹೆಬ್ಬೆರಳು ಒತ್ತುತ್ತಾ ಮೇಲಿನಿಂದ ಇಳಿದೆ. ಒಂದು ಗೇಣಿನಷ್ಟು ಉದ್ದಕ್ಕೆ ನೋವು ಹರಡಿದ್ದರೆ ನನಗೆ ಅಷ್ಟು ಭಯವಿಲ್ಲ. ಒಂದೇ ಬೆರಳು ಇಡುವಷ್ಟು ಜಾಗದಲ್ಲಿ ಜೀವ ಹೋಗುವಂತೆ ನೋಯುತ್ತಿದ್ದರೆ ಭಯ. ಅದು ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು ಇರಬಹುದು. ಇವರಿಗೆ ಎರಡರ ಮಧ್ಯೆ ಇತ್ತು. ಒಂಟಿ ಕಾಲಲ್ಲಿ ಕುಪ್ಪಳಿಸಿ ಅಂದೆ. ಎರಡು ಸಲ ಕುಪ್ಪಳಿಸಿದರು, ಮೂರನೆಯದಕ್ಕೆ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಟೇಪ್ ಹಾಕಲಿಲ್ಲ, ಮೂಳೆ ಡಾಕ್ಟರ್ ಹತ್ತಿರ ಕಳಿಸಿದೆ. ಇಂಥ ಬಿರುಕು ಮೊದಮೊದಲು ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ಹಾಗಾಗಿ ‘ಎಕ್ಸ್‌ರೇ ನಾರ್ಮಲ್ ಬಂತು, ಓಡಬಹುದಲ್ವಾ’ ಎಂದು ನನಗೆ ಫೋನ್ ಮಾಡಬೇಡಿ.

ಆಮೇಲೆ ನಾನು ಎಲ್ಲರಿಗೂ ಕೇಳುವ ಪ್ರಶ್ನೆ ಕೇಳಿದೆ. ಭಾನುವಾರ ಎಷ್ಟು ವೇಗದಲ್ಲಿ ಓಡ್ತೀರಿ?

“ಈಜಿ ಮೇಡಂ. ಕಿಲೋಮೀಟರಿಗೆ ಆರು ಮುಕ್ಕಾಲು ನಿಮಿಷ. ಎಂಟು ಕಿಲೋಮೀಟರ್.”

ಯಾರಿಗೆ ಈಜಿ? ಎಂದೆ. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಈ ಅಂಕಣ ಬರೆಯುತ್ತಿರುವುದು ಆ ಒಂದು ಪ್ರಶ್ನೆಗಾಗಿ. ಯಾವ ಸೈಕಲ್ ಕೊಳ್ಳಬೇಕು, ಯಾವ ಶೂ, ಬೆಳಗ್ಗೆ ಬಾಳೆಹಣ್ಣೋ ಖರ್ಜೂರವೋ ಎಂದೆಲ್ಲ ಹೇಳಲು ಬೇಕಾದಷ್ಟು ಜನ ಇದ್ದಾರೆ. ನಾನು ಲೆಕ್ಕ ಒಂದನ್ನು ಮಾತ್ರ ಹೇಳುತ್ತೇನೆ. ದಯವಿಟ್ಟು ನಿಧಾನವಾಗಿ ಓದಿ.

ಬ್ಯಾಂಕಿನವರು ಹತ್ತು ಕಿಲೋಮೀಟರನ್ನು ಜೀವ ಬಿಟ್ಟು ಓಡಿದರೆ 50 ನಿಮಿಷ. ಅಂದರೆ ಕಿಲೋಮೀಟರಿಗೆ 5 ನಿಮಿಷ. ಅವರಿಗೆ ಆರು ಮುಕ್ಕಾಲು ನಿಮಿಷ ಅಂದರೆ ನಿಜಕ್ಕೂ ಆರಾಮು, ಬೆವರು ಕೂಡ ತಡವಾಗಿ ಬರುತ್ತದೆ. ಅಂಗಡಿಯವರು ಅದೇ ಹತ್ತು ಕಿಲೋಮೀಟರನ್ನು ಜೀವ ಬಿಟ್ಟು ಓಡಿದರೆ 68 ನಿಮಿಷ. ಕಿಲೋಮೀಟರಿಗೆ 6 ನಿಮಿಷ 48 ಸೆಕೆಂಡ್. ಗುಂಪಿನ ‘ಈಜಿ’ 6 ನಿಮಿಷ 45 ಸೆಕೆಂಡ್. ಅಂದರೆ ಇವರು ಪ್ರತಿ ಭಾನುವಾರ ತಮ್ಮ ರೇಸ್ ವೇಗಕ್ಕಿಂತಲೂ ಒಂದು ಕೂದಲೆಳೆ ಜಾಸ್ತಿ ವೇಗದಲ್ಲಿ, ಐವತ್ತನಾಲ್ಕು ನಿಮಿಷ ಓಡುತ್ತಿದ್ದರು. ಪಕ್ಕದಲ್ಲಿ ಗೆಳೆಯ ಕ್ರಿಕೆಟ್ ಸ್ಕೋರ್ ಮಾತಾಡುತ್ತಿದ್ದ. ಇವರು ‘ಹ್ಞೂಂ’ ಅನ್ನುತ್ತಿದ್ದರು, ಯಾಕಂದರೆ ಅದಕ್ಕಿಂತ ಉದ್ದದ ಪದಕ್ಕೆ ಉಸಿರಿರಲಿಲ್ಲ.

ಒಂದೇ ರಸ್ತೆ, ಒಂದೇ ವೇಗ, ಒಂದೇ ಹೊತ್ತು. ಒಬ್ಬನಿಗೆ ಅದು ವಿಶ್ರಾಂತಿ, ಇನ್ನೊಬ್ಬನಿಗೆ ಪರೀಕ್ಷೆ. ಇದು ಅರ್ಥವಾಯಿತಾ ಎಂದು ಕೇಳಿದರೆ ಎಲ್ಲರೂ ತಲೆ ಆಡಿಸುತ್ತಾರೆ. ಮುಂದಿನ ಭಾನುವಾರ ಮತ್ತೆ ಒಟ್ಟಿಗೇ ಓಡುತ್ತಾರೆ.

ಬರೀ ಓಟದ ಗುಂಪಾಗಿದ್ದರೆ ಕೆಡುವವನು ಸಾಮಾನ್ಯವಾಗಿ ಕೊನೆಯವನೊಬ್ಬ. ಟ್ರಯಥ್ಲಾನ್ ಗುಂಪಿನಲ್ಲಿ ಎಲ್ಲರೂ ಸರದಿ ಪ್ರಕಾರ ಕೆಡುತ್ತಾರೆ. ಈ ನಾಲ್ವರನ್ನೇ ನೋಡಿ. ಓಟದಲ್ಲಿ ಬ್ಯಾಂಕಿನವರು ಮುಂದೆ. ಇಂಜಿನಿಯರ್ ಕರಾವಳಿಯವರು, ಚಿಕ್ಕಂದಿನಿಂದ ನೀರಿನಲ್ಲೇ ಬೆಳೆದವರು, ಈಜುಕೊಳಕ್ಕೆ ಇಳಿದರೆ ಉಳಿದವರು ಅವರ ಪಾದದ ನೊರೆ ನೋಡಿಕೊಂಡೇ ಕೈ ಬಡಿಯಬೇಕು. ಸೈಕಲ್‌ನಲ್ಲಿ ಮೇಷ್ಟ್ರು. ಮನುಷ್ಯ ಚಾಮುಂಡಿ ಬೆಟ್ಟದ ರಸ್ತೆಯನ್ನು ದೇವರಿಗೆ ಹರಕೆ ಹೊತ್ತವರ ಹಾಗೆ ವಾರಕ್ಕೆರಡು ಸಲ ಹತ್ತುತ್ತಾರೆ. ಹೀಗೆ ಮಂಗಳವಾರ ಇಂಜಿನಿಯರ್ ಉಳಿದ ಮೂವರ ಭುಜ ಕೆಡಿಸಿದರು, ಶನಿವಾರ ಮೇಷ್ಟ್ರು ಮೂವರ ಮಂಡಿ, ಭಾನುವಾರ ಬ್ಯಾಂಕಿನವರು ಮೂವರ ಹಿಮ್ಮಡಿ. ಅಂಗಡಿಯವರು ಯಾವುದರಲ್ಲೂ ಮುಂದಿಲ್ಲ. ಅವರಿಗೆ ವಾರಕ್ಕೆ ಮೂರು ರೇಸ್.

ನನ್ನ ಅಜ್ಜನ ಊರು ಟಿ. ನರಸೀಪುರದ ಕಡೆ. ಅಜ್ಜ ನೊಗಕ್ಕೆ ಎತ್ತು ಕಟ್ಟುವಾಗ ಬಣ್ಣ, ಕೊಂಬು ನೋಡುತ್ತಿರಲಿಲ್ಲ, ನಡಿಗೆ ನೋಡುತ್ತಿದ್ದರು. ಒಂದು ಬಿರುಸು, ಒಂದು ನಿಧಾನ ಆದರೆ ಹೆಗಲು ಹುಣ್ಣಾಗುತ್ತದೆ ಅನ್ನುತ್ತಿದ್ದರು. ನಿಧಾನದ್ದಕ್ಕೆ ಮಾತ್ರ ಅಲ್ಲ, ಎರಡಕ್ಕೂ. ಒಮ್ಮೆ ಸಂತೆಯಲ್ಲಿ ಚೆನ್ನಾಗಿರುವ ಒಂಟಿ ಎತ್ತು ಕಡಿಮೆ ಬೆಲೆಗೆ ಸಿಕ್ಕಿತೆಂದು ಚಿಕ್ಕಪ್ಪ ಹೊಡೆದುಕೊಂಡು ಬಂದರು. ಅಜ್ಜ ಅದನ್ನು ನಾಲ್ಕು ಹೆಜ್ಜೆ ನಡೆಸಿ ನೋಡಿ, ಮಾತಾಡದೆ ಒಳಗೆ ಹೋಗಿ ಮಲಗಿಬಿಟ್ಟರು. ನಾನು ಓದಿದ ಬಯೋಮೆಕ್ಯಾನಿಕ್ಸ್ ಅದಕ್ಕಿಂತ ಬಹಳ ಹೆಚ್ಚೇನೂ ಹೇಳುವುದಿಲ್ಲ.

‘ಕಷ್ಟಪಟ್ಟರೆ ತಾನೇ ಮೈ ಗಟ್ಟಿಯಾಗೋದು?’ ಎನ್ನುತ್ತೀರಿ. ಹೌದು, ಆದರೆ ಮೈಯಲ್ಲಿ ಎಲ್ಲವೂ ಒಂದೇ ವೇಗದಲ್ಲಿ ಗಟ್ಟಿಯಾಗುವುದಿಲ್ಲ. ಹೃದಯ, ಉಸಿರು ಕೆಲವೇ ವಾರಗಳಲ್ಲಿ ಹೊಂದಿಕೊಳ್ಳುತ್ತವೆ. ಸ್ನಾಯುವನ್ನು ಮೂಳೆಗೆ ಕಟ್ಟಿರುವ ಹಗ್ಗ ಇದೆಯಲ್ಲ, ನೀವೆಲ್ಲ ‘ನರ’ ಅನ್ನುತ್ತೀರಿ, ನಾವು ಟೆಂಡನ್ ಅನ್ನುತ್ತೇವೆ, ಅದಕ್ಕೆ ಮತ್ತು ಮೂಳೆಗೆ ತಿಂಗಳುಗಳೇ ಬೇಕು. ಹಾಗಾಗಿ ಐದಾರನೇ ವಾರದಲ್ಲಿ ಉಸಿರು ಬಂದಿರುತ್ತದೆ, ಕಾಲು ಬಂದಿರುವುದಿಲ್ಲ. ನನ್ನ ಹತ್ತೊಂಬತ್ತು ವರ್ಷದ ಅನುಭವದಲ್ಲಿ ಹೊಸಬರು ಹೆಚ್ಚಾಗಿ ಬರುವುದು ಆಗಲೇ. ‘ಈಗ ತಾನೇ ಚೆನ್ನಾಗಿ ಓಡೋಕೆ ಶುರು ಮಾಡಿದ್ದೆ ಮೇಡಂ’ ಅನ್ನುತ್ತಾ ಬರುತ್ತಾರೆ.

ಒಲಿಂಪಿಕ್ಸ್ ಮಟ್ಟದವರೂ ದಿನಾ ಜೀವ ಬಿಟ್ಟು ಓಡುವುದಿಲ್ಲ. ನಾರ್ವೆಯಲ್ಲಿ ಕೆಲಸ ಮಾಡುವ ಸ್ಟೀಫನ್ ಸೀಲರ್ ಎಂಬ ಸಂಶೋಧಕರು ಅಂಥ ಕ್ರೀಡಾಪಟುಗಳ ಅಭ್ಯಾಸ ಗಮನಿಸಿ, ಹತ್ತರಲ್ಲಿ ಸುಮಾರು ಎಂಟು ಸಲ ಅವರು ಹಗುರವಾಗಿಯೇ ಅಭ್ಯಾಸ ಮಾಡುತ್ತಾರೆ ಎಂದು ಕಂಡುಕೊಂಡರು. ದಿನಕ್ಕೆ ಗಂಟೆಗಟ್ಟಲೆ ಅಭ್ಯಾಸ ಮಾಡುವವರ ಲೆಕ್ಕ ಅದು. ವಾರಕ್ಕೆ ಐದು ಗಂಟೆ ಕದ್ದು ಓಡುವ ನಮಗೆ ಅದು ಹಾಗೇ ಅನ್ವಯಿಸುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಪದಕ ಗೆಲ್ಲುವವರು ಹಗುರವಾಗಿ ಓಡುವ ದಿನ, ಅಂಗಡಿ ಬಾಗಿಲು ತೆಗೆಯಬೇಕಾದವರು ಯಾಕೆ ನೊರೆ ಕಕ್ಕಬೇಕು?

ಹಾಗಾದರೆ ಹಗುರ ಅಂದರೆ ಎಷ್ಟು? ವಾಚ್ ಕೇಳಬೇಡಿ. 220ರಿಂದ ವಯಸ್ಸು ಕಳೆಯುವ ಲೆಕ್ಕ ನಾಲ್ವರಿಗೂ 179 ಎಂದೇ ಹೇಳುತ್ತದೆ. ಅದು ಸರಾಸರಿ ಅಷ್ಟೇ. ಒಬ್ಬೊಬ್ಬರಲ್ಲಿ ಆ ಕಡೆ ಈ ಕಡೆ ಹತ್ತು ಹನ್ನೆರಡು ಬಡಿತ ವ್ಯತ್ಯಾಸ ಇರುವುದು ಮಾಮೂಲು. ನಾನು ಹೇಳುವುದು ಮಗ್ಗಿ. ಓಡುತ್ತಾ ಹದಿಮೂರರ ಮಗ್ಗಿ ಹೇಳಿ, ಜೋರಾಗಿ. ಹದಿಮೂರೊಂದ್ಲ ಹದಿಮೂರು, ಹದಿಮೂರೆರಡ್ಲ ಇಪ್ಪತ್ತಾರು. ಒಂದೊಂದು ಸಾಲೂ ಮಧ್ಯೆ ಉಸಿರು ಕಟ್ಟದೆ ಪೂರ್ತಿ ಬಂದರೆ ನೀವು ಹಗುರವಾಗಿ ಓಡುತ್ತಿದ್ದೀರಿ. ‘ಹದಿಮೂರೇಳ್ಲ’ ಅಂದು ಏದುಸಿರು ಬಿಟ್ಟು ಆಮೇಲೆ ‘ತೊಂಬತ್ತೊಂದು’ ಅಂದರೆ ಜಾಸ್ತಿಯಾಯಿತು, ನಡೆಯಿರಿ. ಮಗ್ಗಿಯೇ ಬರದಿದ್ದರೆ ಮನೆಯಲ್ಲಿ ಮಕ್ಕಳ ಹತ್ತಿರ ಕಲಿಯಿರಿ. ಬಿ.ಪಿ. ಮಾತ್ರೆ ತಗೊಳ್ಳುವವರಿಗೂ ವಾಚಿಗಿಂತ ಇದೇ ವಾಸಿ, ಕೆಲವು ಮಾತ್ರೆಗಳು ಹೃದಯದ ಬಡಿತವನ್ನೇ ತಗ್ಗಿಸುತ್ತವೆ. ಹಾಗಂತ ಮಗ್ಗಿ ಡಾಕ್ಟರ್ ಅಲ್ಲ. ನಲವತ್ತು ದಾಟಿದವರು, ಶುಗರ್ ಇರುವವರು, ಮನೆಯಲ್ಲಿ ಹೃದ್ರೋಗ ಇರುವವರು ಶುರು ಮಾಡುವ ಮುಂಚೆಯೇ ತೋರಿಸಿಕೊಳ್ಳಿ. ಎದೆ ಬಿಗಿದರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಿಸಿ, ಆಸ್ಪತ್ರೆಗೆ ಹೋಗಿ.

ಇಷ್ಟು ಹೇಳಿದ ಮೇಲೆ ಯಾವಾಗಲೂ ಬರುವ ಪ್ರಶ್ನೆ ಬಂತು. ಮೇಷ್ಟ್ರು ಕೇಳಿದರು: “ಹಂಗಾದ್ರೆ ಒಟ್ಟಿಗೆ ಪ್ರಾಕ್ಟೀಸ್ ಮಾಡೋದೇ ಬೇಡ್ವಾ ಮೇಡಂ?”

ಅವರ ದನಿ ಸಣ್ಣದಾಗಿತ್ತು. ನನಗೆ ಪಾಪ ಅನ್ನಿಸಿತು. ನಲವತ್ತು ದಾಟಿದ ಗಂಡಸರು ವಾರಕ್ಕೆ ಮೂರು ಸಲ ಒಬ್ಬರನ್ನೊಬ್ಬರು ನೋಡಲು ಒಂದು ನೆಪ ಹುಡುಕಿಕೊಂಡಿದ್ದಾರೆ. ಅದನ್ನು ತಪ್ಪಿಸುವುದು ನನ್ನ ಕೆಲಸ ಅಲ್ಲ. ಒಬ್ಬರೇ ಆಗಿದ್ದರೆ ಇವರಲ್ಲಿ ಮೂವರು ಎರಡನೇ ವಾರವೇ ಹೊದ್ದು ಮಲಗುತ್ತಿದ್ದರು.

ಆದರೆ ಸ್ಪರ್ಧೆಯ ದಿನ ನೀವು ಹೇಗೂ ಒಟ್ಟಿಗೆ ಇರುವುದಿಲ್ಲ. ಹವ್ಯಾಸಿಗಳ ಹೆಚ್ಚಿನ ಟ್ರಯಥ್ಲಾನ್‌ಗಳಲ್ಲಿ ಸೈಕಲ್ ಮೇಲೆ ಇನ್ನೊಬ್ಬರ ಬೆನ್ನಿಗೆ ಅಂಟಿಕೊಂಡು ಹೋಗುವ ಹಾಗಿಲ್ಲ. ಹಲವು ಸೈಕಲ್‌ಗಳಷ್ಟು ಅಂತರ ಬಿಡಬೇಕು, ಬಿಡದಿದ್ದರೆ ದಂಡವಾಗಿ ಸಮಯ ಕಳೆದುಕೊಳ್ಳುತ್ತೀರಿ. ಇದು ಗೊತ್ತಿಲ್ಲದೆ ರಿಂಗ್ ರೋಡಿನಲ್ಲಿ ತಿಂಗಳುಗಟ್ಟಲೆ ಮೇಷ್ಟ್ರ ಹಿಂದಿನ ಚಕ್ರಕ್ಕೆ ಅಂಟಿಕೊಂಡು ಹೋದರೆ ಏನಾಗುತ್ತದೆ? ಗಾಳಿಯನ್ನೆಲ್ಲ ಮೇಷ್ಟ್ರು ಸೀಳುತ್ತಾರೆ, ನಿಮಗೆ ಗಂಟೆಗೆ ಮೂವತ್ತು ಕಿಲೋಮೀಟರ್ ಸಲೀಸು ಅನ್ನಿಸುತ್ತದೆ. ಅದು ನಿಮ್ಮ ಮೂವತ್ತಲ್ಲ, ಅವರದ್ದು. ಸ್ಪರ್ಧೆಯಲ್ಲಿ ಒಬ್ಬರೇ ಮೂವತ್ತು ಹಿಡಿಯಲು ಹೋಗಿ, ಸೈಕಲ್ ಇಳಿದಾಗ ತೊಡೆ ಕಲ್ಲಾಗಿರುತ್ತದೆ. ಓಟ ಇನ್ನೂ ಬಾಕಿ.

ಇಲ್ಲಿ ಎಲ್ಲರೂ ನನಗೊಂದು ವಿಡಿಯೋ ತೋರಿಸುತ್ತಾರೆ. ಇವರೂ ತೋರಿಸಿದರು. 2016ರಲ್ಲಿ ಮೆಕ್ಸಿಕೋದ ಕೊಜುಮೆಲ್‌ನಲ್ಲಿ ನಡೆದ ಟ್ರಯಥ್ಲಾನ್‌ನಲ್ಲಿ ಬ್ರಿಟನ್ನಿನ ಜೊನಾಥನ್ ಬ್ರೌನ್ಲಿ ಮುಂದಿದ್ದಾರೆ, ಗುರಿ ಕಣ್ಣಳತೆಯ ದೂರ, ಬಿಸಿಲಿಗೆ ಕಾಲು ಕೈಕೊಡುತ್ತದೆ, ಕುಡಿದವರ ಹಾಗೆ ತೂರಾಡುತ್ತಾರೆ. ಹಿಂದಿನಿಂದ ಬಂದ ಅಣ್ಣ ಅಲಿಸ್ಟೇರ್ ತಮ್ಮನ ತೋಳನ್ನು ಹೆಗಲಿಗೆ ಹಾಕಿಕೊಂಡು ಓಡಿ, ಗೆರೆಯ ಹತ್ತಿರ ತಮ್ಮನನ್ನೇ ಮುಂದೆ ನೂಕುತ್ತಾರೆ. ತಮ್ಮ ಎರಡನೆಯವರು, ಅಣ್ಣ ಮೂರನೆಯವರು. ಒಂದು ತಿಂಗಳ ಹಿಂದಷ್ಟೇ ರಿಯೋ ಒಲಿಂಪಿಕ್ಸ್‌ನಲ್ಲಿ ಇವರು ಚಿನ್ನ, ಬೆಳ್ಳಿ ಗೆದ್ದ ಅಣ್ಣ ತಮ್ಮ. ನನಗೂ ನೋಡಿದಾಗಲೆಲ್ಲ ಕಣ್ಣು ತುಂಬುತ್ತದೆ. ಆದರೆ ನೀವು ಅದರಲ್ಲಿ ಸ್ನೇಹ ನೋಡುತ್ತೀರಿ, ನಾನು ಆ ತೂರಾಡುವ ಕಾಲು ನೋಡುತ್ತೇನೆ. ಅಂಥವರಿಗೇ ಹಾಗಾಗುವುದಾದರೆ...

ಸರಿ, ಒಟ್ಟಿಗೆ ಹೇಗೆ ಮಾಡಬೇಕು ಅಂದರೆ, ಕಿಲೋಮೀಟರ್ ಬಿಟ್ಟು ನಿಮಿಷ ಹಿಡಿಯಿರಿ. ಒಂದೇ ಜಾಗದಿಂದ ಎಲ್ಲರೂ ಹೊರಡಿ. ಅವರವರ ಮಗ್ಗಿಯ ವೇಗದಲ್ಲಿ ಇಪ್ಪತ್ತೈದು ನಿಮಿಷ ಓಡಿ. ಇಪ್ಪತ್ತೈದಾದ ಕೂಡಲೇ, ಯಾರು ಎಲ್ಲೇ ಇರಲಿ, ತಿರುಗಿ. ಬಂದ ವೇಗದಲ್ಲೇ ವಾಪಸ್ಸು. ಬ್ಯಾಂಕಿನವರು ಎಂಟು ಕಿಲೋಮೀಟರ್ ಓಡಿರುತ್ತಾರೆ, ಅಂಗಡಿಯವರು ಆರು. ಆದರೆ ಹೊರಟ ಜಾಗಕ್ಕೆ ಎಲ್ಲರೂ ಹೆಚ್ಚು ಕಡಿಮೆ ಒಟ್ಟಿಗೆ ಬರುತ್ತಾರೆ, ದೋಸೆ ತಣ್ಣಗಾಗುವುದಿಲ್ಲ. ಈಜುಕೊಳದಲ್ಲೂ ಅಷ್ಟೇ, ಇಪ್ಪತ್ತು ನಿಮಿಷ ಎಂದು ಇಳಿಯಿರಿ, ಸುತ್ತು ಎಣಿಸಬೇಡಿ. ಕೆರೆ ಹೊಳೆಗೆ ಮಾತ್ರ ನೀವು ನೀವೇ ಇಳಿಯಬೇಡಿ. ಕಾವೇರಿ ಮೇಲೆ ನಿಂತಂತೆ ಕಾಣುತ್ತಾಳೆ, ಒಳಗೆ ಸುಳಿ.

ಇವರ ಗುಂಪು ಅದಕ್ಕೆ ತಮ್ಮದೇ ಒಂದು ಕಾನೂನು ಸೇರಿಸಿಕೊಂಡಿತು. ಕೊನೆಗೆ ಬಂದವನು ತಿಂಡಿ ಬಿಲ್ ಕೊಡಬೇಕು. ಕೇಳಿದಾಗ ಮತ್ತೆ ರೇಸ್ ಶುರುವಾಯಿತಲ್ಲ ಎಂದು ತಲೆ ಚಚ್ಚಿಕೊಂಡೆ. ಆಮೇಲೆ ಯೋಚಿಸಿದರೆ, ಭೇಷ್ ಅನ್ನಿಸಿತು. ಹೋಗುವಾಗ ಶಕ್ತಿ ಮೀರಿ ಓಡಿದವನು ಬರುವಾಗ ಸುಸ್ತಾಗಿ ತಡವಾಗುತ್ತಾನೆ. ದುಡ್ಡು ಬಿಚ್ಚುವವನು ಅವನೇ.

ಅಂಗಡಿಯವರ ಮೂಳೆಯಲ್ಲಿ ಬಿರುಕು ಇರಲಿಲ್ಲ, ಆಗುವುದರಲ್ಲಿತ್ತು. ನಾಲ್ಕು ವಾರ ಓಟ ಬಂದ್, ಈಜು ಮತ್ತು ಮೆಲ್ಲಗೆ ಸೈಕಲ್ ಮಾತ್ರ. ಐದನೇ ವಾರದಿಂದ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಎಲ್ಲರಿಗೂ ಇದೇ ಲೆಕ್ಕ ಅಂದುಕೊಳ್ಳಬೇಡಿ, ಅವರ ಕಾಲು ನೋಡಿ ಹೇಳಿದ್ದು. ಒಂದು ಬೆಳಗ್ಗೆ ಸ್ಕೂಟರ್‌ನಲ್ಲಿ ಹೋಗುತ್ತಿದ್ದಾಗ ಕುಕ್ಕರಹಳ್ಳಿ ಕೆರೆ ಗೇಟಿನ ಹತ್ತಿರ ಸಿಕ್ಕರು. ಬಾಯಲ್ಲಿ ಮಗ್ಗಿ. ವಾಕಿಂಗ್ ಬಂದಿದ್ದ ಅಜ್ಜಿಯೊಬ್ಬರು ಅವರನ್ನೇ ದಿಟ್ಟಿಸುತ್ತಿದ್ದರು.

“ಮೇಡಂ, ಹದಿನಾಲ್ಕಕ್ಕೆ ಬಂದಿದ್ದೀನಿ,” ಎಂದರು ನಿಲ್ಲದೆ.

ಬಿಲ್ ಯಾರು ಕೊಡ್ತಿದ್ದಾರೆ ಎಂದು ಕೂಗಿ ಕೇಳಿದೆ.

“ಬ್ಯಾಂಕಿನವನೇ! ಸತತ ನಾಲ್ಕು ಭಾನುವಾರ!”