ಮಗು ಯಾರ ಕೈಗೆ? ಬಾಲನ್ಯಾಯ ಕಾಯ್ದೆ, ತಲಪಾಡಿಯ ಈಚೆ ಕೂತು ಓದಿದ್ದು

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳುವ. ಕರ್ನಾಟಕದ ಗಡಿಯ ತಲಪಾಡಿಯಿಂದ ಈಚೆ, ಕೇರಳದ ಕಾಸರಗೋಡಿನಲ್ಲಿರುವ ನಾವು ಪಾಠ ಓದುವುದು ಕನ್ನಡದಲ್ಲಿ, ಸುದ್ದಿ ನೋಡುವುದು ಹೆಚ್ಚಾಗಿ ಮಲಯಾಳದಲ್ಲಿ. ಕನ್ನಡದಲ್ಲಿ ‘ಮಕ್ಕಳ ಕಲ್ಯಾಣ ಸಮಿತಿ’ ಅಂದರೆ ಸಿಡಬ್ಲ್ಯುಸಿ (ಚೈಲ್ಡ್ ವೆಲ್ಫೇರ್ ಕಮಿಟಿ). ಮಲಯಾಳ ಪೇಪರಿನಲ್ಲಿ ‘ಶಿಶುಕ್ಷೇಮ ಸಮಿತಿ’ ಅಂತ ಕಂಡರೆ ಅದು ಸಾಮಾನ್ಯವಾಗಿ ಬೇರೆಯದೇ, ಅಮ್ಮತೊಟ್ಟಿಲು (ಸಾಕಲಾಗದ ಕೂಸನ್ನು ಬಿಟ್ಟುಹೋಗುವ ತೊಟ್ಟಿಲು) ನಡೆಸುವ ಮಂಡಳಿ. ಒಂದು ಆದೇಶ ಮಾಡುತ್ತದೆ, ಇನ್ನೊಂದು ಮಗುವನ್ನು ಸಾಕುತ್ತದೆ. ಎರಡೂ ಒಂದೇ ಅಂದುಕೊಂಡು ನಾನು ಒಂದು ವಾರ ನೋಟ್ಸ್ ಬರೆದೆ. ಆಮೇಲೆ ಅಷ್ಟನ್ನೂ ಹರಿದು ಹಾಕಿದೆ.

ಆದೇಶ ಮಾಡುವ ಸಮಿತಿಯಲ್ಲಿ ಐದು ಜನ: ಒಬ್ಬರು ಅಧ್ಯಕ್ಷರು, ನಾಲ್ವರು ಸದಸ್ಯರು. ಒಬ್ಬ ಮಹಿಳೆಯಾದರೂ ಇರಬೇಕು. 2015ರ ಬಾಲನ್ಯಾಯ ಕಾಯ್ದೆ ಇವರಿಗೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಅಧಿಕಾರ ಕೊಟ್ಟಿದೆ. ಅಂದರೆ ಸುಮ್ನೆ ಸಲಹೆ ಕೊಡುವ ಸಮಿತಿ ಅಲ್ಲ. ಮಗು ಮನೆಗೆ ವಾಪಸ್ ಹೋಗಬೇಕೋ, ಮಕ್ಕಳ ಮನೆಗೋ, ಫಾಸ್ಟರ್ ಕೇರ್‌ಗೋ (ಸ್ವಲ್ಪ ಕಾಲ ಬೇರೆ ಕುಟುಂಬದಲ್ಲಿ ಸಾಕುವುದು), ದತ್ತು ಸಂಸ್ಥೆಗೋ ಅಂತ ಹೇಳುವವರು ಇವರೇ. ಈ ಸಾಲಿನಲ್ಲಿ ಮನೆ ಮೊದಲು, ಸಂಸ್ಥೆ ಕೊನೆಗೆ. ಕಾಯ್ದೆಯ 3ನೇ ಕಲಮಿನ ತತ್ವಗಳಲ್ಲೇ ಅದು ಬರೆದಿದೆ. ಪರೀಕ್ಷೆಯಲ್ಲಿ ಯಾವ ಕೇಸು ಕೊಟ್ಟರೂ ಈ ಸಾಲನ್ನು ಹಿಡಿದುಕೊಳ್ಳಿ, ಅರ್ಧ ಉತ್ತರ ಸಿಕ್ಕ ಹಾಗೆ.

ಈಗ ಅಮ್ಮತೊಟ್ಟಿಲಿನಿಂದಲೇ ಶುರು ಮಾಡುವ. ನೋಡಿ, ಈ ಹೆಸರಿಗೆ ಅನುವಾದವೇ ಬೇಡ, ನಮ್ಮ ತೊಟ್ಟಿಲೇ ಅದು. ಕೇರಳದಲ್ಲಿ ಇದು ಶುರುವಾದದ್ದು 2002ರಲ್ಲಿ, ತಿರುವನಂತಪುರದಲ್ಲಿ. ಯಾರೋ ಕೂಸನ್ನು ಮಲಗಿಸಿ ಹೋದರೆ ಒಳಗೆ ಗಂಟೆ ಹೊಡೆಯುತ್ತದೆ. ಮಲಗಿಸಿದವರು ಯಾರೆಂದು ಯಾರೂ ಅಟ್ಟಿಸಿಕೊಂಡು ಹೋಗುವುದಿಲ್ಲ. ಮಗುವನ್ನು 24 ಗಂಟೆಯೊಳಗೆ ಸಮಿತಿಯ ಮುಂದೆ ತರಬೇಕು. ತಂದೆ ತಾಯಿಯನ್ನು ಹುಡುಕುವ ಕೆಲಸ ನಡೆಯಬೇಕು. ಆದರೆ ಆ ವಿಚಾರಣೆಯ ಹೆಸರಿನಲ್ಲಿ ಹೆತ್ತವರ ಮೇಲೆ ಎಫ್‌ಐಆರ್ ಹಾಕುವ ಹಾಗಿಲ್ಲ, 38ನೇ ಕಲಮು ಅದನ್ನು ನೇರವಾಗಿ ತಡೆಯುತ್ತದೆ. ಯಾರೂ ಬರದಿದ್ದರೆ ಮಗು ‘ದತ್ತಿಗೆ ಕಾನೂನಿನ ಪ್ರಕಾರ ಮುಕ್ತ’ ಅಂತ ಘೋಷಣೆ. ಎರಡು ವರ್ಷದೊಳಗಿನ ಮಗುವಾದರೆ ಇದನ್ನು 2 ತಿಂಗಳೊಳಗೆ ಮಾಡಬೇಕು, ಮೇಲ್ಪಟ್ಟರೆ 4 ತಿಂಗಳೊಳಗೆ. ಐವರಲ್ಲಿ ಕನಿಷ್ಠ ಮೂವರು ಸೇರಿ ಮಾಡಬೇಕಾದ ನಿರ್ಧಾರ ಇದು.

ತಾಯಿಯೇ ಬಂದು ಮಗುವನ್ನು ಒಪ್ಪಿಸಿದರೆ ಲೆಕ್ಕ ಬೇರೆ. ಅವಳಿಗೆ ಮನಸ್ಸು ಬದಲಾಯಿಸಲು 2 ತಿಂಗಳ ಸಮಯ ಇದೆ. ಈ ಎರಡೂ ‘2 ತಿಂಗಳು’ಗಳನ್ನು ಕಲಸಿಬಿಡಬೇಡಿ. ಒಂದು ಸಮಿತಿಗೆ ಹಾಕಿದ ಗಡುವು, ಇನ್ನೊಂದು ಹೆತ್ತವರಿಗೆ ಕೊಟ್ಟ ಅವಕಾಶ.

ಈ ಒಪ್ಪಿಸುವ ವಿಷಯದಲ್ಲೇ ಕೇರಳ ಹೈಕೋರ್ಟಿನ 2021ರ ಒಂದು ತೀರ್ಪು ಇದೆ. ನನಗೆ ಈ ಇಡೀ ಪಾಠದಲ್ಲಿ ಜಾಸ್ತಿ ಹಿಡಿಸಿದ್ದು ಅದೇ. ಒಂದು ಗಂಡು, ಒಂದು ಹೆಣ್ಣು, ಮದುವೆಯಾಗದೆ ಒಟ್ಟಿಗೆ ಇದ್ದರು. ಮಗು ಹುಟ್ಟಿತು. ಅವನು ಕೆಲಸಕ್ಕೆಂದು ಬೇರೆ ರಾಜ್ಯಕ್ಕೆ ಹೋದ, ಸಂಪರ್ಕ ತಪ್ಪಿತು. ಅವಳು ಮಗುವನ್ನು ಸಮಿತಿಗೆ ಒಪ್ಪಿಸಿದಳು. ಸಮಿತಿ ಅವಳನ್ನು ‘ಅವಿವಾಹಿತ ತಾಯಿ’ ಎಂದು ಪರಿಗಣಿಸಿತು. ಅವಳೊಬ್ಬಳ ಸಹಿ ಸಾಕೆಂದು ಮುಂದುವರಿಯಿತು. ಮಗು ದತ್ತು ಹೋಯಿತು. ಆಮೇಲೆ ಹೆತ್ತವರಿಬ್ಬರೂ ಮಗು ಬೇಕೆಂದು ಕೋರ್ಟಿಗೆ ಬಂದರು.

ಹೈಕೋರ್ಟ್ ಕೇಳಿದ್ದು ಅವರು ಒಳ್ಳೆಯವರೋ ಕೆಟ್ಟವರೋ ಎಂದಲ್ಲ. ಒಟ್ಟಿಗೆ ಬಾಳಿದ ಜೋಡಿಗೆ ಹುಟ್ಟಿದ ಮಗುವನ್ನು, ಒಪ್ಪಿಸುವ ಮಟ್ಟಿಗೆ, ಮದುವೆಯಾದ ದಂಪತಿಯ ಮಗುವಿನ ಹಾಗೆಯೇ ನೋಡಬೇಕು ಅಂದಿತು. ಹಾಗಾದರೆ ತಂದೆಯ ಸಹಿಯೂ ಬೇಕು. ಅವನು ಸಿಗದಿದ್ದರೆ ಹುಡುಕಬೇಕಿತ್ತು. ಹುಡುಕಿಲ್ಲ. ಅದಕ್ಕೇ ‘ಮುಕ್ತ’ ಎಂಬ ಪ್ರಮಾಣಪತ್ರ ರದ್ದಾಯಿತು. ಹೆತ್ತವರ ಹಕ್ಕು ಸಹಜ ಹಕ್ಕು, ಮದುವೆಯ ಚೀಟಿಯಿಂದ ಬರುವಂಥದ್ದಲ್ಲ ಅನ್ನುವುದು ತೀರ್ಪಿನ ತಿರುಳು. ಪ್ರೀತಿಯಿಂದ ದತ್ತು ತಕ್ಕೊಂಡ ಆ ದಂಪತಿಯನ್ನು ನೆನೆದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ, ಅಲ್ವಾ? ಅವರದ್ದೇನೂ ತಪ್ಪಿಲ್ಲ. ಮೊದಲ ಹೆಜ್ಜೆಯಲ್ಲಿ ಬಿಟ್ಟ ಒಂದು ವಿಚಾರಣೆಯ ಭಾರ ಅವರ ತಲೆ ಮೇಲೆ ಬಿತ್ತು.

ಸುಪ್ರೀಂ ಕೋರ್ಟಿನ ಮೂರು ತೀರ್ಪುಗಳನ್ನು ಬೇಗ ಮುಗಿಸುವ, ಇವು ಎಲ್ಲ ಗೈಡುಗಳಲ್ಲೂ ಇವೆ. 1984ರ ಲಕ್ಷ್ಮೀಕಾಂತ ಪಾಂಡೆ ಕೇಸು ಒಬ್ಬ ವಕೀಲರ ಪತ್ರದಿಂದ ಹುಟ್ಟಿದ್ದು. ವಿದೇಶಕ್ಕೆ ದತ್ತು ಕೊಡುವಾಗ ಏನೆಲ್ಲ ನೋಡಬೇಕೆಂದು ನ್ಯಾಯಮೂರ್ತಿ ಭಗವತಿ ಹೇಳಿದ್ದು ಅಲ್ಲೇ. 2014ರ ಶಬ್ನಮ್ ಹಾಶ್ಮಿ ಕೇಸಿನಲ್ಲಿ ಯಾವ ಧರ್ಮದವರೂ ಈ ಕಾಯ್ದೆಯಡಿ ದತ್ತು ತಕ್ಕೊಳ್ಳಬಹುದು ಎಂದಾಯಿತು. ನಮ್ಮ ಜಿಲ್ಲೆಯಲ್ಲಿ ಇದು ಮುಖ್ಯ. ಆದರೆ ಗಮನಿಸಿ, ‘ಬಹುದು’ ಅಷ್ಟೇ. ವೈಯಕ್ತಿಕ ಕಾನೂನನ್ನೇ ಪಾಲಿಸುವವರನ್ನು ಅದು ಒತ್ತಾಯಿಸುವುದಿಲ್ಲ. ಇನ್ನು ತಮಿಳುನಾಡಿನ ಅನಾಥಾಲಯಗಳಲ್ಲಿ ಮಕ್ಕಳ ಶೋಷಣೆ ಬಗ್ಗೆ 2007ರಲ್ಲಿ ದಾಖಲಾದ ಕೇಸು 2017ರ ಮೇ 5ರಂದು ತೀರ್ಮಾನವಾಯಿತು. ‘ಪಾಲನೆ ಮತ್ತು ರಕ್ಷಣೆ ಬೇಕಾದ ಮಗು’ ಅನ್ನುವ ವ್ಯಾಖ್ಯೆಯಲ್ಲಿ ಕೊಟ್ಟ ಪಟ್ಟಿ ಬರೀ ಉದಾಹರಣೆ, ಅದಕ್ಕೇ ಕಟ್ಟುಬೀಳಬಾರದು ಎಂದಿತು ಕೋರ್ಟು. ಮಕ್ಕಳನ್ನು ಇಟ್ಟುಕೊಂಡ ಎಲ್ಲ ಸಂಸ್ಥೆಗಳೂ ನೋಂದಣಿ ಮಾಡಿಸಬೇಕು ಎಂದೂ ಹೇಳಿತು.

ಒಂದು ಎಚ್ಚರಿಕೆ. ಹಳೆಯ ಗೈಡಿನಲ್ಲಿ ದತ್ತು ಆದೇಶ ಕೊಡುವುದು ಕೋರ್ಟು ಅಂತ ಇರುತ್ತದೆ. ನಾನೂ ಮಾದರಿ ಪರೀಕ್ಷೆಯಲ್ಲಿ ಹಾಗೇ ಬರೆದು ಅಂಕ ಕಳಕೊಂಡೆ. 2021ರ ತಿದ್ದುಪಡಿ 2022ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂತು. ಈಗ ಆದೇಶ ಜಿಲ್ಲಾ ಮ್ಯಾಜಿಸ್ಟ್ರೇಟರದ್ದು. ನಮಗಾದರೆ ವಿದ್ಯಾನಗರದ ಸಿವಿಲ್ ಸ್ಟೇಷನ್ನಿನಲ್ಲಿ ಕೂರುವ ಕಲೆಕ್ಟರು. ಸಮಿತಿ ‘ಮುಕ್ತ’ ಅನ್ನುತ್ತದೆ, ಕಲೆಕ್ಟರು ‘ಇವರ ಮಗು’ ಅನ್ನುತ್ತಾರೆ. ಕುಟುಂಬದೊಳಗೆ 1956ರ ಹಿಂದೂ ದತ್ತಕ ಕಾಯ್ದೆಯಡಿ ಆಗುವ ದತ್ತಿಗೆ ಈ ದಾರಿ ಅನ್ವಯಿಸುವುದಿಲ್ಲ.

ಇನ್ನು ಗೈಡಿನಲ್ಲಿ ಒಂದೇ ಸಾಲಿನಲ್ಲಿ ಮುಗಿಯುವ 95ನೇ ಕಲಮು, ಅಂದರೆ ಬೇರೆ ಊರಿನ ಮಗುವನ್ನು ಅದರ ಊರಿನ ಸಮಿತಿಗೆ ಕಳಿಸುವುದು. ನಮಗೆ ಇದು ಬರೀ ಒಂದು ಸಾಲಲ್ಲ. ಉದಾಹರಣೆಗೆ, ಮಂಜೇಶ್ವರ ರೈಲು ಸ್ಟೇಷನ್ನಿನಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬ ಒಬ್ಬನೇ ಕೂತಿದ್ದಾನೆ ಅಂದುಕೊಳ್ಳಿ. ಯಾರೋ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರು. ಮಾತಾಡುವುದು ತುಳು, ಸ್ವಲ್ಪ ಕನ್ನಡ. ಮನೆ ವಿಟ್ಲದ ಹತ್ತಿರ ಅನ್ನುತ್ತಾನೆ. ಅವನನ್ನು ಹಾಜರುಪಡಿಸುವುದು ಕಾಸರಗೋಡಿನ ಸಮಿತಿಯ ಮುಂದೆ. ಊರು ಬರುವುದು ದಕ್ಷಿಣ ಕನ್ನಡದ ಸಮಿತಿಗೆ. ಅವನ ಮಾತು ಮಲಯಾಳದ ಫಾರ್ಮಿನೊಳಗೆ ಇಳಿಯುವಾಗ ‘ಅಪ್ಪ ಬೈದರು’ ಎಂದದ್ದು ‘ಹೊಡೆದರು’ ಆಗಬಹುದು, ‘ಹೊಡೆದರು’ ಬರೀ ‘ಬೈದರು’ ಆಗಬಹುದು. ಮೊದಲನೆಯದಾದರೆ ಮನೆಗೆ ಹೋಗಬೇಕಾದವನು ಸಂಸ್ಥೆಯಲ್ಲಿ ಉಳಿದ. ಎರಡನೆಯದಾದರೆ ಹೋಗಬಾರದ ಮನೆಗೆ ಹೋದ. ಮಗುವಿನ ಮಾತು ಕೇಳುವುದು ಕಾಯ್ದೆಯ ತತ್ವ. ಭಾಷೆ ಗೊತ್ತಿಲ್ಲದೆ ಕೇಳಿದ್ದನ್ನು ಕೇಳಿದ್ದು ಅನ್ನಲಾಗದು ಅಂತ ನನ್ನ ಅಭಿಪ್ರಾಯ.

ಹಾಗಂತ ಮರುದಿನವೇ ತಲಪಾಡಿ ದಾಟಿಸಿ ಬಿಟ್ಟುಬಿಡುವ ಹಾಗೂ ಇಲ್ಲ. ಕಳಿಸುವುದು ಮಗುವಿಗೆ ಒಳ್ಳೆಯದೇ ಎಂದು ಇಲ್ಲಿನ ಸಮಿತಿಗೆ ಖಾತ್ರಿಯಾಗಬೇಕು. ಅದಕ್ಕೆ ಮೊದಲು ಊರಿನ ಸಮಿತಿಯ ಜೊತೆ ಮಾತಾಡಿರಬೇಕು. ಆಮೇಲೆ ಮಕ್ಕಳ ವಿಶೇಷ ಪೊಲೀಸ್ ಘಟಕಕ್ಕೆ ಆದೇಶ, ಅವರು 15 ದಿನದೊಳಗೆ ಕರೆದುಕೊಂಡು ಹೋಗಿ ಒಪ್ಪಿಸಬೇಕು. ಕಾಗದಪತ್ರ ಜೊತೆಗೇ ಹೋಗಬೇಕು. ಹುಡುಗಿಯಾದರೆ ಮಹಿಳಾ ಪೊಲೀಸ್ ಇರಲೇಬೇಕು. ಪ್ರಯಾಣದ ಭತ್ಯೆ ಕೊಡುವುದು ರಾಜ್ಯ ಸರ್ಕಾರ. ವಿಟ್ಲ ಇಲ್ಲಿಂದ ಒಂದು ಬಸ್ಸಿನ ದೂರ ಇರಬಹುದು, ಆದರೂ ಈ ಹುಡುಗನಿಗೆ ದಾರಿ ಇದೇ.